ಬ್ಲಾಗಿನ ಮಾತು ತಿಳಿಯುವ ಬಗೆ: ಹೊಸದಾಗಿ ಬರೆಯುವವರಿಗೊಂದು ಮಾರ್ಗದರ್ಶಿ

ಇಳಕಲ್ಲ, ಬಾದಾಮಿ, ವಿಜಯಪುರದ ಕಡೆಯಿಂದ ಹೊಸದಾಗಿ ಬ್ಲಾಗ್ ಆರಂಭಿಸುವವರು ಕೇಳುವ ಪ್ರಶ್ನೆಗಳಲ್ಲಿ ಏನು ಬರೆಯಬೇಕು ಎಂಬುದು ಅಪರೂಪ. ಬರೆಯುವ ಸರಕು ಅವರಲ್ಲಿ ಬೇಕಾದಷ್ಟಿದೆ. ಪದೇ ಪದೇ ಬರುವ ಪ್ರಶ್ನೆಗಳು ಬೇರೆ: “ಪರ್ಮಾಲಿಂಕ್ ಅಂದ್ರ ಏನ್ರಿ, ಮುಟ್ಟಿದ್ರ ಏನಾರ ಕೆಡತೈತೇನು?”, “ಟ್ಯಾಗ್ ಬ್ಯಾರೆ, ಲೇಬಲ್ ಬ್ಯಾರೆ ಏನ್ರಿ?”, “ನನ್ನ ಲೇಖನದ ಕೆಳಗ ಯಾರೋ ಟಿಎಲ್‌ಡಿಆರ್ ಅಂತ ಬರದಾರ, ಬೈದಾರೋ ಹೊಗಳ್ಯಾರೋ?” ಈ ಲೇಖನ ಅಂಥವರಿಗಾಗಿ. ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಕೊಟ್ಟರೆ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ, ಬ್ಲಾಗ್ ಕಟ್ಟುತ್ತ ಹೋದಂತೆ ಯಾವ ಪದ ಯಾವಾಗ ಎದುರಾಗುತ್ತದೆಯೋ ಆ ಕ್ರಮದಲ್ಲಿಯೇ ವಿವರಿಸಿದ್ದೇನೆ. ಪದದ ಅರ್ಥಕ್ಕಿಂತಲೂ ಅದು ನಿಮ್ಮಿಂದ ಯಾವ ತೀರ್ಮಾನವನ್ನು ಕೇಳುತ್ತಿದೆ ಎಂಬುದನ್ನು ಗಮನಿಸಿ.

ಆರಂಭಿಸಲು ಬೇಕಾದುದು ಹೆಚ್ಚೇನಿಲ್ಲ. ಒಂದು ಇಮೇಲ್ ಖಾತೆ, ಯೂನಿಕೋಡ್ ಕನ್ನಡ ಟೈಪಿಸಲು ಬರುವ ಕೀಲಿಮಣೆ ಮತ್ತು ಮೊದಲ ದಿನದ ಮಟ್ಟಿಗಾದರೂ ಒಂದು ಕಂಪ್ಯೂಟರ್ ಇದ್ದರೆ ಸಾಕು. ಉದಾಹರಣೆಗಾಗಿ ಇಳಕಲ್ಲ ಸೀರೆಯ ಕುರಿತು ಬರೆಯುವ ಒಂದು ಬ್ಲಾಗನ್ನು ಇಟ್ಟುಕೊಳ್ಳೋಣ.

ಅದಕ್ಕೂ ಮುಂಚೆ ತುಸು ಹಿನ್ನೆಲೆ. ‘ವೆಬ್‌ಲಾಗ್’ ಎಂಬ ಪದವನ್ನು 1997ರ ಡಿಸೆಂಬರಿನಲ್ಲಿ ಬಳಕೆಗೆ ತಂದವರು ಅಮೆರಿಕದ ಜಾರ್ನ್ ಬಾರ್ಗರ್. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ಅದನ್ನು ತಮಾಷೆಗೆಂದು ‘ವೀ ಬ್ಲಾಗ್’ ಎಂದು ಒಡೆದು ಬರೆದ ಮೇಲೆ ‘ಬ್ಲಾಗ್’ ಉಳಿದುಕೊಂಡಿತು. ಅದೇ ವರ್ಷದ ಆಗಸ್ಟಿನಲ್ಲಿ ಪೈರಾ ಲ್ಯಾಬ್ಸ್ ಸಂಸ್ಥೆ ‘ಬ್ಲಾಗರ್’ ಸೇವೆಯನ್ನು ತೆರೆಯಿತು, 2003ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು, ಅದೇ ವರ್ಷದ ಮೇ ತಿಂಗಳಲ್ಲಿ ‘ವರ್ಡ್‌ಪ್ರೆಸ್’ ಹೊರಬಂತು. ಬ್ಲಾಗಿನ ಶಬ್ದಸಂಪತ್ತಿನ ಬಹುಪಾಲು ಈ ಕೆಲವೇ ವರ್ಷಗಳ ಆಸುಪಾಸಿನಲ್ಲಿ ಹುಟ್ಟಿದ್ದು, ಅದರಲ್ಲಿ ಕೆಲವು ಪದಗಳಿಗೆ ಇಂದು ಕೆಲಸವೇ ಇಲ್ಲ. ಹಲವು ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ಓದಲು ಇದ್ದ ‘ಗೂಗಲ್ ರೀಡರ್’ ಸೇವೆಯನ್ನು ಹಳೆಯ ಮಾರ್ಗದರ್ಶಿಗಳನ್ನು ಓದಿ ಹುಡುಕುತ್ತ ಕುಳಿತವರುಂಟು. ಅದು 2013ರ ಜುಲೈ 1ರಂದೇ ಮುಚ್ಚಿಹೋಗಿದೆ.

ಹಂತ 1: ವೇದಿಕೆ, ಹೋಸ್ಟಿಂಗ್, ಡೊಮೈನ್

ಬರಹವನ್ನು ಸೇರಿಸಲು, ತಿದ್ದಲು, ಪ್ರಕಟಿಸಲು ಇರುವ ಸೌಕರ್ಯವೇ ವೇದಿಕೆ, ಅಂದರೆ ಪ್ಲಾಟ್‌ಫಾರ್ಮ್. ಆ ಬರಹ ಯಾವ ಕಂಪ್ಯೂಟರಿನಲ್ಲಿ ಕುಳಿತು ಜಗತ್ತಿಗೆ ಕಾಣಿಸುತ್ತದೆಯೋ ಆ ವ್ಯವಸ್ಥೆ ಹೋಸ್ಟಿಂಗ್. ಓದುಗರು ಟೈಪಿಸಿ ತಲುಪುವ ಹೆಸರು ಡೊಮೈನ್. ಬ್ಲಾಗರ್‌ನಲ್ಲಿ ಮೂರೂ ಉಚಿತ. ಆದರೆ ನಿಮ್ಮ ಹೆಸರಿನ ಬಾಲಕ್ಕೆ ‘ಬ್ಲಾಗ್‌ಸ್ಪಾಟ್ ಡಾಟ್ ಕಾಮ್’ ಅಂಟಿಕೊಂಡಿರುತ್ತದೆ. ಇಂಥ ವಿಳಾಸಕ್ಕೆ ಸಬ್‌ಡೊಮೈನ್ ಎನ್ನುತ್ತಾರೆ.

ಇಲ್ಲಿ ಎಲ್ಲರೂ ಎಡವುವುದು ವರ್ಡ್‌ಪ್ರೆಸ್ ವಿಷಯದಲ್ಲಿ. ‘ವರ್ಡ್‌ಪ್ರೆಸ್ ಡಾಟ್ ಕಾಮ್’ ಎಂಬುದು ಖಾತೆ ತೆರೆದು ಬರೆಯುವ ಸೇವೆ. ‘ವರ್ಡ್‌ಪ್ರೆಸ್ ಡಾಟ್ ಆರ್ಗ್’ ಎಂಬಲ್ಲಿ ಸಿಗುವುದು ತಂತ್ರಾಂಶ ಮಾತ್ರ. ಅದನ್ನು ನೀವು ಹಣ ಕೊಟ್ಟು ಪಡೆದ ಹೋಸ್ಟಿಂಗ್‌ನಲ್ಲಿ ನೀವೇ ಅಳವಡಿಸಿ, ನೀವೇ ಕಾಯಬೇಕು. ಎರಡನೆಯದಕ್ಕೆ ಸೆಲ್ಫ್ ಹೋಸ್ಟೆಡ್ ಎನ್ನುತ್ತಾರೆ. ತಿಂಗಳಿಗೆರಡು ಲೇಖನ ಬರೆಯುವವರಿಗೆ ಆ ಉಸಾಬರಿ ಬೇಡ ಎಂಬುದು ನನ್ನ ಅಭಿಪ್ರಾಯ.

ಸ್ವಂತ ಡೊಮೈನ್ ಕೊಳ್ಳುವುದಾದರೆ ಒಂದು ಎಚ್ಚರಿಕೆ ಅಗತ್ಯ. ಬ್ಲಾಗ್ ಕಟ್ಟಿಕೊಡುವವರು ಎಷ್ಟೋ ಸಲ ತಮ್ಮ ಇಮೇಲ್‌ನಿಂದಲೇ ಡೊಮೈನ್ ನೋಂದಾಯಿಸಿಬಿಡುತ್ತಾರೆ. ಮುಂದೆ ನವೀಕರಣದ ಸೂಚನೆ ಅವರಿಗೆ ಹೋಗುತ್ತದೆ, ಅವರು ಊರು ಬಿಟ್ಟಿದ್ದರೆ ಹೆಸರು ಕೈತಪ್ಪುತ್ತದೆ. ನೋಂದಣಿದಾರ ಎಂಬ ಜಾಗದಲ್ಲಿ ನಿಮ್ಮ ಹೆಸರು, ನಿಮ್ಮ ಇಮೇಲ್ ಇದೆಯೆಂದು ನೋಡಿಕೊಂಡ ಮೇಲೆಯೇ ಹಣ ಕೊಡಿ.

ಹಂತ 2: ಡ್ಯಾಶ್‌ಬೋರ್ಡ್ ಒಳಗಿನ ಪದಗಳು

ಖಾತೆಗೆ ಪ್ರವೇಶಿಸಿದೊಡನೆ ಕಾಣುವ ನಿಯಂತ್ರಣ ಪುಟವೇ ಡ್ಯಾಶ್‌ಬೋರ್ಡ್. ಪೋಸ್ಟ್ ಎಂದರೆ ದಿನಾಂಕ ಹೊತ್ತು, ಹೊಸದು ಮೇಲೆ ಬರುವಂತೆ ಜೋಡಣೆಯಾಗುವ ಬರಹ; ಪೇಜ್ ಎಂದರೆ ‘ನನ್ನ ಬಗ್ಗೆ’, ‘ಸಂಪರ್ಕ’ ಮುಂತಾದ, ಕದಲದೆ ನಿಲ್ಲುವ ಪುಟ. ಸೀರೆಯ ಇತಿಹಾಸವನ್ನು ಪೇಜ್ ಆಗಿಯೂ, ಈ ವಾರ ನೋಡಿದ ಮಗ್ಗದ ವಿವರವನ್ನು ಪೋಸ್ಟ್ ಆಗಿಯೂ ಹಾಕಬಹುದು. ಡ್ರಾಫ್ಟ್ ಎಂದರೆ ಇನ್ನೂ ಪ್ರಕಟವಾಗದ ಕರಡು. ಶೆಡ್ಯೂಲ್ ಎಂದರೆ ಮುಂದಿನ ಯಾವುದೋ ಹೊತ್ತಿಗೆ ತಾನಾಗಿ ಪ್ರಕಟವಾಗುವಂತೆ ಇಡುವುದು. ಇದನ್ನು ಬಳಸುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಸಮಯ ವಲಯ ಕೋಲ್ಕತ್ತಾಕ್ಕೆ ಇದೆಯೇ ನೋಡಿ, ಇಲ್ಲವಾದರೆ ಬೆಳಗಿನ ಲೇಖನ ನಡುರಾತ್ರಿ ಹೊರಬಿದ್ದೀತು. ಥೀಮ್ ಎಂದರೆ ಬ್ಲಾಗಿನ ಹೊರನೋಟ. ಪಕ್ಕದ ಪಟ್ಟಿಯಲ್ಲಿ ಕೂರಿಸುವ ಸಣ್ಣ ಪೆಟ್ಟಿಗೆಗಳಿಗೆ ಬ್ಲಾಗರ್‌ನಲ್ಲಿ ಗ್ಯಾಜೆಟ್, ವರ್ಡ್‌ಪ್ರೆಸ್‌ನಲ್ಲಿ ವಿಜೆಟ್ ಎಂದು ಹೆಸರು. ಗಡಿಯಾರ, ಮೀನಿನ ತೊಟ್ಟಿ, ಬೀಳುವ ಹಿಮ ಇತ್ಯಾದಿಗಳನ್ನು ಕೂರಿಸುವ ಆಸೆಯನ್ನು ತಡೆದುಕೊಳ್ಳಿ.

ಹಂತ 3: ಯೂನಿಕೋಡ್, ಮತ್ತು ಕನ್ನಡಕ್ಕೇ ವಿಶಿಷ್ಟವಾದ ತೊಡಕುಗಳು

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಹಂತವೇ ಇರುವುದಿಲ್ಲ. ಆದರೆ ನಮ್ಮ ಹೊಸ ಬ್ಲಾಗಿಗರು ಹೆಚ್ಚು ಒದ್ದಾಡುವುದು ಇಲ್ಲಿಯೇ.

ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಮದುವೆಯ ಆಮಂತ್ರಣದಿಂದ ಹಿಡಿದು ಸ್ಮರಣ ಸಂಚಿಕೆಯವರೆಗೆ ಬಹಳಷ್ಟು ಕೆಲಸ ನಡೆಯುವುದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ. ಆ ಫಾಂಟುಗಳು ಇಂಗ್ಲಿಷಿನ ಸಂಕೇತಗಳ ಮೇಲೆ ಕನ್ನಡದ ಚಿತ್ರವನ್ನು ಕೂರಿಸುತ್ತವೆ. ಆನ್ಸಿ ಅಥವಾ ಆಸ್ಕಿ ಕನ್ನಡ ಎಂದು ಜನ ಕರೆಯುವುದು ಇದನ್ನೇ. ಅಂಗಡಿಯಿಂದ ತಂದ ಕಡತದಿಂದ ‘ಕನ್ನಡ’ ಎಂಬ ಪದವನ್ನು ಎತ್ತಿ ಬ್ಲಾಗಿಗೆ ಅಂಟಿಸಿದರೆ, ಇಂಗ್ಲಿಷಿನ ಪಿ, ಪೌಂಡಿನ ಚಿಹ್ನೆ, ತಲೆಯ ಮೇಲೆ ಓರೆಗೆರೆ ಹೊತ್ತ ಎ ಇವೆಲ್ಲ ಸಾಲಾಗಿ ನಿಲ್ಲುತ್ತವೆ. ಕಡತ ಕೆಟ್ಟಿಲ್ಲ, ಗಾಬರಿಯಾಗಬೇಡಿ. ಆನ್ಸಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಯೂನಿಕೋಡ್ ಎಂದರೆ ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ಕೊಡುವ ಜಾಗತಿಕ ಪದ್ಧತಿ. ಹುಡುಕಾಟಕ್ಕೆ ಸಿಗಬೇಕಾದರೆ, ಮೊಬೈಲಿನಲ್ಲಿ ಕಾಣಬೇಕಾದರೆ ಬರಹ ಯೂನಿಕೋಡ್‌ನಲ್ಲಿಯೇ ಇರಬೇಕು. ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿ.

ಎರಡನೆಯ ತೊಡಕು ಕಣ್ಣಿಗೆ ಕಾಣದ ಒಂದು ಚಿಹ್ನೆ. ‘ಪೋಸ್ಟ್’ ಎಂಬುದಕ್ಕೆ ‘ಗಳು’ ಸೇರಿಸಿದಾಗ ‘ಪೋಸ್ಟ್ಗಳು’ ಎಂದು ಗಕಾರ ಒತ್ತಕ್ಷರವಾಗಿ ಕೆಳಗಿಳಿದರೆ ಓದಲು ಕಷ್ಟ. ನಡುವೆ ಸೊನ್ನೆ ಅಗಲದ ಒಂದು ತಡೆಚಿಹ್ನೆಯನ್ನು ಹಾಕಿದಾಗ ಅದು ‘ಪೋಸ್ಟ್‌ಗಳು’ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಬ್ಲಾಗಿಗರು ಇದನ್ನು ಝಡ್‌ಡಬ್ಲ್ಯುಎನ್‌ಜೆ ಎನ್ನುತ್ತಾರೆ. ‘ರ‍್ಯಾಂಕ್’ ಎಂದು ಬರೆಯುವಾಗ ಅರ್ಕಾವತ್ತು ಬಾರದಂತೆ ತಡೆಯುವುದು ಇದರ ಜೊತೆಗಾರ, ಝಡ್‌ಡಬ್ಲ್ಯುಜೆ. ನಿಮ್ಮ ಕೀಲಿಮಣೆಯಲ್ಲಿ ಇವೆರಡೂ ಎಲ್ಲಿವೆಯೆಂದು ಮೊದಲೇ ಹುಡುಕಿಟ್ಟುಕೊಳ್ಳಿ.

ಮೂರನೆಯದು ಇನ್ನೂ ಮೋಸದ್ದು. ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತುವ ಅಭ್ಯಾಸ ಹಲವರಿಗಿದೆ. ‘ಅಂಚು’ ಮತ್ತು ‘ಅ೦ಚು’ ಇವೆರಡನ್ನೂ ಹತ್ತಿರದಿಂದ ನೋಡಿ. ಬಹುತೇಕ ಫಾಂಟುಗಳಲ್ಲಿ ಕಣ್ಣಿಗೆ ಒಂದೇ. ಯಂತ್ರಕ್ಕೆ ಮಾತ್ರ ಎರಡನೆಯದು ಅಕ್ಷರ, ಅಂಕಿ, ಅಕ್ಷರಗಳ ಅಸಂಬದ್ಧ ಸಾಲು. ಅಂಥ ಲೇಖನ ಎಷ್ಟೇ ಚೆನ್ನಾಗಿದ್ದರೂ ಹುಡುಕುವವರ ಕೈಗೆ ಸಿಗುವುದು ಕಷ್ಟ.

ಹಂತ 4: ಪರ್ಮಾಲಿಂಕ್, ಸ್ಲಗ್, ಲೇಬಲ್

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಂದು ಪೋಸ್ಟಿನ ಶಾಶ್ವತ ವಿಳಾಸವೇ ಪರ್ಮಾಲಿಂಕ್. ಮುಖಪುಟದಿಂದ ಬರಹ ಕೆಳಗೆ ಜಾರಿದರೂ ಈ ವಿಳಾಸ ಬದಲಾಗದು. ಆ ವಿಳಾಸದ ಕೊನೆಯಲ್ಲಿ, ಶೀರ್ಷಿಕೆಯಿಂದ ಹುಟ್ಟುವ ತುಂಡಿಗೆ ಸ್ಲಗ್ ಎಂದು ಹೆಸರು.

ಬ್ಲಾಗರ್‌ನಲ್ಲಿ ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಟ್ಟರೆ ಸ್ಲಗ್ ಮಾಡಲು ಅದಕ್ಕೆ ಇಂಗ್ಲಿಷ್ ಅಕ್ಷರಗಳೇ ಸಿಗುವುದಿಲ್ಲ. ಆಗ ಅದು ‘ಬ್ಲಾಗ್-ಪೋಸ್ಟ್’ ಎಂಬ ಹೆಸರನ್ನೇ ಇಟ್ಟು, ಮುಂದಿನವುಗಳಿಗೆ ಅಂಕಿ ಸೇರಿಸುತ್ತ ಹೋಗುತ್ತದೆ. ವರ್ಷ ಕಳೆದ ಮೇಲೆ ಯಾವ ವಿಳಾಸದಲ್ಲಿ ಯಾವ ಲೇಖನವಿದೆಯೆಂದು ನಿಮಗೇ ತಿಳಿಯದು. ವರ್ಡ್‌ಪ್ರೆಸ್‌ನ ಕಥೆ ಬೇರೆ: ಅದು ಕನ್ನಡವನ್ನು ಒಪ್ಪಿಕೊಳ್ಳುತ್ತದೆ, ಆದರೆ ವಿಳಾಸವನ್ನು ವಾಟ್ಸಾಪ್‌ಗೆ ಅಂಟಿಸಿದಾಗ ಕನ್ನಡದ ಪ್ರತಿಯೊಂದು ಸಂಕೇತವೂ ಶೇಕಡಾ ಗುರುತುಗಳಿಂದ ಕೂಡಿದ 9 ಚಿಹ್ನೆಗಳಾಗಿ ಹಿಗ್ಗುತ್ತದೆ. ಸ್ವರಚಿಹ್ನೆಗಳೂ, ಅರ್ಧಾಕ್ಷರ ಮಾಡುವ ‘್’ ಚಿಹ್ನೆಯೂ ಪ್ರತ್ಯೇಕ ಸಂಕೇತಗಳೇ ಆದ್ದರಿಂದ ‘ಸೀರೆ’ ಎಂಬ ಎರಡಕ್ಷರಕ್ಕೆ 36 ಚಿಹ್ನೆ. ಸ್ಲಗ್‌ಗೆ ವರ್ಡ್‌ಪ್ರೆಸ್ ಕೊಡುವ ಜಾಗ 200 ಚಿಹ್ನೆಗಳಷ್ಟು ಮಾತ್ರವಾದ್ದರಿಂದ ಉದ್ದನೆಯ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಆದ್ದರಿಂದ ಎರಡೂ ಕಡೆ ಪ್ರಕಟಿಸುವ ಮೊದಲೇ ಪರ್ಮಾಲಿಂಕ್ ಜಾಗಕ್ಕೆ ಹೋಗಿ, ಇಂಗ್ಲಿಷ್ ಲಿಪಿಯಲ್ಲಿ ‘ಇಳಕಲ್-ಸೀರೆ-ಸೆರಗು’ ಎಂಬಂತೆ ಎರಡು ಮೂರು ಪದಗಳ ಸ್ಲಗ್ ಬರೆದುಬಿಡಿ. ಮುಟ್ಟಿದರೆ ಕೆಡುವುದಿಲ್ಲ, ಪ್ರಕಟವಾಗಿ ನಾಲ್ಕು ಜನ ಹಂಚಿಕೊಂಡ ಮೇಲೆ ಬದಲಿಸಿದರೆ ಮಾತ್ರ ಹಳೆಯ ವಿಳಾಸ ಒತ್ತಿದವರಿಗೆ ‘404’, ಅಂದರೆ ಪುಟ ಸಿಗಲಿಲ್ಲ ಎಂಬ ಸೂಚನೆ ಬರಬಹುದು.

ಲೇಬಲ್ ಮತ್ತು ಟ್ಯಾಗ್ ಇವೆರಡೂ ಒಂದೇ ಕೆಲಸದವು. ಬ್ಲಾಗರ್‌ನಲ್ಲಿ ಲೇಬಲ್ ಒಂದೇ ಇದೆ. ವರ್ಡ್‌ಪ್ರೆಸ್‌ನಲ್ಲಿ ಕ್ಯಾಟಗರಿ, ಟ್ಯಾಗ್ ಎಂದು ಎರಡು ಬಗೆ: ಕ್ಯಾಟಗರಿ ದೊಡ್ಡ ವಿಭಾಗ, ಟ್ಯಾಗ್ ಸೂಕ್ಷ್ಮ ಗುರುತು. ನಮ್ಮ ಬ್ಲಾಗಿನಲ್ಲಿ ‘ದಡಿ’, ‘ಸೆರಗು’, ‘ನೇಕಾರರು’ ಎಂಬವು ಕ್ಯಾಟಗರಿಗಳಾದರೆ, ದಡಿಯ ಬಗೆಗಳಾದ ‘ಗೋಮಿ’, ‘ಪರಾಸಪೇಟ’, ‘ಗಾಡಿ’ ಎಂಬವು ಟ್ಯಾಗ್‌ಗಳು, ಸೆರಗಿನ ‘ಟೋಪ ತೆನಿ’ಯೂ ಹಾಗೆಯೇ. ಕ್ಯಾಟಗರಿ ಕೊಡದೆ ಬಿಟ್ಟ ಪೋಸ್ಟನ್ನು ವರ್ಡ್‌ಪ್ರೆಸ್ ‘ಅನ್‌ಕ್ಯಾಟಗರೈಸ್ಡ್’ ಎಂಬ ವಿಭಾಗಕ್ಕೆ ತಳ್ಳುತ್ತದೆ. ಒಂದೇ ಪದವನ್ನು ಒಮ್ಮೆ ‘ಇಳಕಲ್’, ಒಮ್ಮೆ ‘ಇಲಕಲ್’, ಒಮ್ಮೆ ‘ಇಳಕಲ್ಲ’ ಎಂದು ಬರೆದರೆ ಮೂರು ಪ್ರತ್ಯೇಕ ಗುಂಪುಗಳಾಗುತ್ತವೆ. ಕಾಗುಣಿತವನ್ನು ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದು ಅದಕ್ಕೇ ಅಂಟಿಕೊಳ್ಳಿ.

ಎಸ್‌ಇಒ ಎಂಬುದರ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಹುಡುಕುತಾಣಗಳಲ್ಲಿ ಬರಹ ಮೇಲೆ ಬರುವಂತೆ ಮಾಡುವ ಉಪಾಯಗಳ ಒಟ್ಟು ಹೆಸರದು. ಮೇಲೆ ಹೇಳಿದ ಯೂನಿಕೋಡ್, ಸ್ಲಗ್, ಸ್ಪಷ್ಟ ಶೀರ್ಷಿಕೆ, ಚಿತ್ರಕ್ಕೊಂದು ವಿವರಣೆ ಇಷ್ಟನ್ನು ಪಾಲಿಸಿದರೆ ನಿಮ್ಮ ಪಾಲಿನ ಎಸ್‌ಇಒ ಮುಗಿಯಿತು. ಉಳಿದದ್ದನ್ನು ಹಣಕ್ಕೆ ಮಾರಲು ಬರುವವರನ್ನು ನಯವಾಗಿ ಸಾಗಹಾಕಿ.

ಹಂತ 5: ಇನ್ನೊಬ್ಬರ ಬರಹದೊಡನೆ ನಡೆದುಕೊಳ್ಳುವ ಪದಗಳು

ಬ್ಲಾಗೋಸ್ಫಿಯರ್ ಎಂದರೆ ಎಲ್ಲ ಬ್ಲಾಗುಗಳು ಸೇರಿದ ಲೋಕ. 1999ರಲ್ಲಿ ಇದೂ ತಮಾಷೆಗೆಂದೇ ಹುಟ್ಟಿತು. ನೀವು ಮೆಚ್ಚುವ ಬ್ಲಾಗುಗಳ ಪಟ್ಟಿಯನ್ನು ಪಕ್ಕದಲ್ಲಿ ಹಾಕಿದರೆ ಅದು ಬ್ಲಾಗ್‌ರೋಲ್. ಒಂದು ವಿಷಯ ನಿಮಗೆ ಇನ್ನೊಬ್ಬರಿಂದ ತಿಳಿದಿದ್ದರೆ ‘ವಯಾ’ ಅಥವಾ ‘ಹ್ಯಾಟ್ ಟಿಪ್’ ಎಂದು ಅವರ ಹೆಸರನ್ನೂ ಲಿಂಕನ್ನೂ ಕೊಡುವುದು ರೂಢಿ. ಬೇರೊಬ್ಬರ ಬ್ಲಾಗಿನಲ್ಲಿ ಅತಿಥಿಯಾಗಿ ಬರೆದರೆ ಗೆಸ್ಟ್ ಪೋಸ್ಟ್. ಒಂದೇ ಬರಹವನ್ನು ಎರಡು ಕಡೆ ಹಾಕಿದರೆ ಕ್ರಾಸ್‌ಪೋಸ್ಟ್. ನಿಮ್ಮ ಲೇಖನಕ್ಕೆ ಬೇರೆ ಬ್ಲಾಗು ಲಿಂಕ್ ಕೊಟ್ಟಿದೆಯೆಂದು ತಾನಾಗಿ ತಿಳಿಸುವ ವ್ಯವಸ್ಥೆ ಟ್ರ್ಯಾಕ್‌ಬ್ಯಾಕ್ ಮತ್ತು ಪಿಂಗ್‌ಬ್ಯಾಕ್. ಮೊದಲನೆಯದು 2002ರಲ್ಲಿ ಮೂವಬಲ್ ಟೈಪ್ ಎಂಬ ತಂತ್ರಾಂಶದೊಡನೆ ಬಂತು. ಕಸದ ಲಿಂಕುಗಳೇ ತುಂಬಿಕೊಳ್ಳುವುದರಿಂದ ಈಗ ಇವನ್ನು ಮುಚ್ಚಿಡುವುದೇ ಲೇಸು.

ಇತರರ ಬರಹವನ್ನು ಯಂತ್ರದ ಮೂಲಕ ಕದ್ದು ತುಂಬಿಸುವ ತಾಣಕ್ಕೆ ಸ್ಕ್ರೇಪರ್ ಎಂದೂ, ಜಾಹೀರಾತಿಗಾಗಿಯೇ ಹುಟ್ಟಿಸಿದ ಹುಸಿ ಬ್ಲಾಗಿಗೆ ಸ್ಪ್ಲಾಗ್ ಎಂದೂ ಹೆಸರು. ಇವರನ್ನು ಬೈಯುವ ನಾವೂ ಅರಿಯದೆ ಅದೇ ತಪ್ಪು ಮಾಡುವುದುಂಟು. ‘ಪಬ್ಲಿಕ್ ಡೊಮೈನ್’ ಎಂದರೆ ಅಂತರಜಾಲದಲ್ಲಿ ಎಲ್ಲರಿಗೂ ಕಾಣುವಂಥದ್ದು ಎಂದು ತಿಳಿಯಬೇಡಿ. ಹಕ್ಕುಸ್ವಾಮ್ಯದ ಅವಧಿ ಮುಗಿದದ್ದು ಅಥವಾ ಹಕ್ಕನ್ನು ಬಿಟ್ಟುಕೊಟ್ಟದ್ದು ಎಂದು ಅರ್ಥ. ನಮ್ಮ ದೇಶದ 1957ರ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಹಕ್ಕು ಇರುತ್ತದೆ. ವಿಜಯಪುರದಲ್ಲಿ ಕುಳಿತು ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದ ಫ. ಗು. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಸ್ವಂತ ಬರಹಗಳು 2025ರ ಆರಂಭದಿಂದ ಮುಕ್ತ. ಬೆಳಗಾವಿ ಜಿಲ್ಲೆಯ ಬೆಟಗೇರಿ ಕೃಷ್ಣಶರ್ಮರು 1982ರಲ್ಲಿ ತೀರಿಕೊಂಡವರಾದ್ದರಿಂದ ಅವರ ಕವಿತೆಯನ್ನು ಇಡಿಯಾಗಿ ನಿಮ್ಮ ಬ್ಲಾಗಿಗೆ ಇಳಿಸಿಕೊಳ್ಳಲು 2042ರ ಕೊನೆಯವರೆಗೂ ಅನುಮತಿ ಬೇಕು. ವಿಮರ್ಶೆಗಾಗಿ ಕೆಲವು ಸಾಲು ಉಲ್ಲೇಖಿಸುವುದು ಬೇರೆ ಮಾತು. ಫೋಟೋಗಳಿಗೂ ಇದೇ ಎಚ್ಚರ ಇರಲಿ. ಗೂಗಲ್ ಚಿತ್ರಹುಡುಕಾಟದಲ್ಲಿ ಸಿಕ್ಕ ಗೋಳಗುಮ್ಮಟದ ಚಿತ್ರಕ್ಕೂ ಒಬ್ಬ ಛಾಯಾಗ್ರಾಹಕನಿದ್ದಾನೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಿರುವ ಚಿತ್ರಗಳನ್ನು ಹುಡುಕಿ, ಅಲ್ಲಿ ಹೇಳಿದಂತೆ ತೆಗೆದವರ ಹೆಸರು ಹಾಕಿ.

ಹಂತ 6: ಕಾಮೆಂಟು ಪೆಟ್ಟಿಗೆಯ ಭಾಷೆ

ಆಡುನುಡಿಯೆಲ್ಲ ಇರುವುದು ಇಲ್ಲಿ. ಇದರಲ್ಲಿ ಕೆಲವು ಪದಗಳು ಬ್ಲಾಗಿಗಿಂತ ಹಳೆಯವು, ಯೂಸ್‌ನೆಟ್ ಎಂಬ ಚರ್ಚಾಜಾಲದ ಕಾಲದಿಂದ ಬಂದವು. ಬೇಕೆಂದೇ ಕೆರಳಿಸಲು ಬರೆಯುವವನು ಟ್ರೋಲ್. ಓದುತ್ತಾನೆ, ಒಂದು ಮಾತೂ ಬರೆಯುವುದಿಲ್ಲ ಎಂದರೆ ಅವನು ಲರ್ಕರ್. ನಿಮ್ಮ ಓದುಗರಲ್ಲಿ ಹೆಚ್ಚಿನವರು ಇವರೇ, ಬೇಸರ ಬೇಡ. ಬೈಗುಳದ ಸುರಿಮಳೆಗೆ ಫ್ಲೇಮ್ ಎನ್ನುತ್ತಾರೆ. ಒಬ್ಬನೇ ಹಲವು ಹೆಸರುಗಳಿಂದ ಬಂದು ತನ್ನನ್ನೇ ಬೆಂಬಲಿಸಿಕೊಂಡರೆ ಆ ಹುಸಿ ಹೆಸರುಗಳು ಸಾಕ್ ಪಪೆಟ್‌ಗಳು. ಓಪಿ ಎಂದರೆ ಮೂಲ ಬರಹ ಹಾಕಿದವರು. ಐಎಮ್‌ಹೆಚ್‌ಒ ಎಂದರೆ ‘ನನ್ನ ವಿನಮ್ರ ಅಭಿಪ್ರಾಯದಲ್ಲಿ’. ವಿನಯ ಅದರಲ್ಲಿ ಇದ್ದೇ ಇರುತ್ತದೆಂದು ನಂಬಬೇಕಿಲ್ಲ. ಟಿಎಲ್‌ಡಿಆರ್ ಎಂದರೆ ‘ಬಹಳ ಉದ್ದವಾಯಿತು, ಓದಲಿಲ್ಲ’. ಇದು ಬೈಗುಳವಾಗಬೇಕೆಂದೇನೂ ಇಲ್ಲ. ಎಷ್ಟೋ ಬರಹಗಾರರು ತಾವೇ ಲೇಖನದ ಮೇಲ್ಗಡೆ ಈ ಹೆಸರಿನಲ್ಲಿ ಎರಡು ಸಾಲಿನ ಸಾರಾಂಶ ಕೊಡುತ್ತಾರೆ.

ಕಾಮೆಂಟುಗಳನ್ನು ನೀವು ಒಪ್ಪಿದ ಮೇಲೆ ಮಾತ್ರ ಪ್ರಕಟವಾಗುವಂತೆ ಇಡುವುದು ಮಾಡರೇಶನ್. ಮೊದಲ ದಿನದಿಂದಲೇ ಇದನ್ನು ಚಾಲೂ ಮಾಡಿ. “ಫೋಟೋ ಭಾಳ ಛಲೋ ಬಂದಾವ, ಆದ್ರ ಅದು ಗೋಮಿ ಅಲ್ರಿ, ಗಾಡಿ ದಡಿ” ಎಂದು ಇಳಕಲ್ಲಿನ ನೇಕಾರರೊಬ್ಬರು ಬರೆದರೆ ಅದನ್ನು ಕೂಡಲೇ ಪ್ರಕಟಿಸಿ, ಲೇಖನವನ್ನೂ ತಿದ್ದಿ, ತಿದ್ದಿದ್ದೇವೆಂದು ಕೆಳಗೆ ಒಂದು ಸಾಲು ಹಾಕಿ. “ನೈಸ್ ಪೋಸ್ಟ್, ನನ್ನ ತಾಣಕ್ಕೂ ಬನ್ನಿ” ಎಂಬ ಒಕ್ಕಣೆಯೊಡನೆ ಲಿಂಕ್ ಇದ್ದರೆ ಅದು ಸ್ಪ್ಯಾಮ್, ಅಳಿಸಿ. ಟ್ರೋಲ್‌ಗೆ ಉತ್ತರಿಸುವ ಮುನ್ನ ಒಂದು ರಾತ್ರಿ ಕಳೆಯಲಿ.

ಬ್ಲಾಗ್ ಬರೆದು ಕೆಲಸ ಕಳೆದುಕೊಳ್ಳುವುದಕ್ಕೆ ‘ಡೂಸ್ಡ್’ ಎಂಬ ಪದವಿದೆ. ‘ಡೂಸ್’ ಎಂಬ ಬ್ಲಾಗಿನಲ್ಲಿ ಕಚೇರಿಯ ವಿಷಯ ಬರೆದು 2002ರಲ್ಲಿ ಕೆಲಸ ಕಳೆದುಕೊಂಡ ಅಮೆರಿಕದ ಹೆದರ್ ಆರ್ಮ್‌ಸ್ಟ್ರಾಂಗ್ ಅವರಿಂದ ಬಂದದ್ದು. ನೀವು ಶಿಕ್ಷಕರೋ ಸರ್ಕಾರಿ ನೌಕರರೋ ಆಗಿದ್ದರೆ ನಿಮಗೆ ಅನ್ವಯಿಸುವ ನಡತೆ ನಿಯಮಗಳನ್ನು ಓದಿಕೊಂಡೇ ಬರೆಯಿರಿ. ಗುಪ್ತನಾಮ ಇಟ್ಟುಕೊಂಡರೆ ಗುರುತು ಸಿಗದು ಎಂಬ ಧೈರ್ಯ ಬೇಡ.

ಹಂತ 7: ಫೀಡ್ ಮತ್ತು ಅಂಕಿಅಂಶ

ನಿಮ್ಮ ಹೊಸ ಬರಹಗಳ ಪಟ್ಟಿಯನ್ನು ಯಂತ್ರಗಳು ಓದುವ ರೂಪದಲ್ಲಿ ಕೊಡುವ ಕಡತವೇ ಫೀಡ್, ಅದರ ಪ್ರಸಿದ್ಧ ರೂಪ ಆರ್‌ಎಸ್‌ಎಸ್. ಫೀಡ್ಲಿ ಮುಂತಾದ ಓದುಗ ತಂತ್ರಾಂಶದಲ್ಲಿ ಬ್ಲಾಗಿನ ವಿಳಾಸ ಸೇರಿಸಿಕೊಂಡವರಿಗೆ ಹೊಸ ಲೇಖನ ತಾನಾಗಿ ತಲುಪುತ್ತದೆ. ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲೂ ಇದು ನೀವು ಏನೂ ಮಾಡದೆಯೇ ಸಿದ್ಧವಾಗಿರುತ್ತದೆ. ಫೀಡ್‌ಬರ್ನರ್ ಎಂಬ ಸೇವೆಯ ಮೂಲಕ ಹೊಸ ಲೇಖನಗಳನ್ನು ಓದುಗರಿಗೆ ಇಮೇಲ್‌ನಲ್ಲಿ ಕಳುಹಿಸಿ ಎಂಬ ಹಳೆಯ ಸಲಹೆ ಕಂಡರೆ ಬಿಟ್ಟುಬಿಡಿ. ಗೂಗಲ್ ಆ ಸೌಲಭ್ಯವನ್ನು 2021ರಲ್ಲಿ ನಿಲ್ಲಿಸಿದೆ.

ಪೇಜ್ ವ್ಯೂ ಎಂದರೆ ಪುಟ ತೆರೆದ ಸಲ. ಯೂನಿಕ್ ವಿಸಿಟರ್ ಎಂದರೆ ಬೇರೆ ಬೇರೆ ಓದುಗರು. ಒಬ್ಬರೇ ಹತ್ತು ಪುಟ ನೋಡಿದರೆ ಮೊದಲನೆಯದು ಹತ್ತು, ಎರಡನೆಯದು ಒಂದು. ನಿಮ್ಮದೇ ಭೇಟಿಗಳನ್ನು ಲೆಕ್ಕದಿಂದ ಹೊರಗಿಡುವ ಆಯ್ಕೆ ಬ್ಲಾಗರ್‌ನಲ್ಲಿದೆ. ಬಾಟ್‌ಗಳು, ಅಂದರೆ ಸ್ವಯಂಚಾಲಿತ ತಂತ್ರಾಂಶಗಳು ಕೂಡ ಎಣಿಕೆಯನ್ನು ಉಬ್ಬಿಸುತ್ತವೆಯಾದ್ದರಿಂದ, ಯಾವುದೋ ದೂರದ ದೇಶದಿಂದ ಒಮ್ಮೆಲೇ ನೂರಾರು ಭೇಟಿಗಳು ಕಂಡರೆ ಹಿಗ್ಗುವ ಅಗತ್ಯವಿಲ್ಲ.

ಹಂತ 8: ಹಣದ ಪದಗಳು

ಆಡ್‌ಸೆನ್ಸ್ ಎಂಬುದು 2003ರಿಂದ ಗೂಗಲ್ ನಡೆಸುತ್ತಿರುವ ಜಾಹೀರಾತು ಯೋಜನೆ. ನಿಮ್ಮ ಜಾಹೀರಾತನ್ನು ನೀವೇ ಒತ್ತುವುದು, ಗೆಳೆಯರಿಂದ ಒತ್ತಿಸುವುದು ನಿಯಮಬಾಹಿರ, ಖಾತೆಯೇ ಮುಚ್ಚಿಹೋಗಬಹುದು. ಅಫಿಲಿಯೇಟ್ ಎಂದರೆ ನಿಮ್ಮ ಲಿಂಕಿನ ಮೂಲಕ ಯಾರಾದರೂ ಕೊಂಡರೆ ಸಿಗುವ ಕಮಿಷನ್. ಹಣ ಪಡೆದು ಬರೆದದ್ದು ಸ್ಪಾನ್ಸರ್ಡ್ ಪೋಸ್ಟ್.

ಸೀರೆಯಂಗಡಿಯವರು ಪ್ರೀತಿಯಿಂದ ಒಂದು ಸೀರೆ ಕೊಟ್ಟು “ನಮ್ಮ ಬಗ್ಗೆ ನಾಲ್ಕು ಮಾತು ಬರೀರಿ” ಎಂದರೆ ಹಣ ಮುಟ್ಟಿಲ್ಲವೆಂದು ಸುಮ್ಮನಿರುವಂತಿಲ್ಲ. ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರ ಮೇ ತಿಂಗಳಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಉಚಿತ ವಸ್ತು ಪಡೆದು ಬರೆದರೂ ಅದನ್ನು ಓದುಗರಿಗೆ ಎದ್ದು ಕಾಣುವಂತೆ ತಿಳಿಸಬೇಕು. ಲೇಖನದ ಮೊದಲ ಸಾಲಿನಲ್ಲೇ ಹೇಳಿಬಿಡಿ.

ಬ್ಲಾಗ್ ಸ್ವಲ್ಪ ಹೆಸರಾದೊಡನೆ “ನಿಮಗೆ ಉಚಿತ ಗೆಸ್ಟ್ ಪೋಸ್ಟ್ ಕೊಡುತ್ತೇವೆ, ಒಂದು ಡುಫಾಲೋ ಲಿಂಕ್ ಸಾಕು” ಎಂಬ ಇಮೇಲ್‌ಗಳು ಬರತೊಡಗುತ್ತವೆ. 2005ರಲ್ಲಿ ಸ್ಪ್ಯಾಮ್ ತಡೆಯಲು ನೋಫಾಲೋ ಎಂಬ ಗುರುತು ಬಂತು. ಇದಿರುವ ಲಿಂಕಿಗೆ ಹುಡುಕುತಾಣ ಬೆಲೆ ಕೊಡದಿರಲಿ ಎಂಬುದು ಉದ್ದೇಶ. ಅದಿಲ್ಲದ ಸಾಮಾನ್ಯ ಲಿಂಕೇ ಡುಫಾಲೋ. ಅಂದರೆ ಅವರು ಕೇಳುತ್ತಿರುವುದು ನಿಮ್ಮ ಬ್ಲಾಗಿನ ಮರ್ಯಾದೆಯಲ್ಲಿ ಒಂದು ಪಾಲು. ಉತ್ತರಿಸದಿರಿ.

ಹಂತ 9: ಬ್ಯಾಕಪ್

ಮೂರು ತಿಂಗಳಿಗೊಮ್ಮೆಯಾದರೂ ಸೆಟ್ಟಿಂಗ್ಸ್‌ನಲ್ಲಿರುವ ಬ್ಯಾಕಪ್ ಅಥವಾ ಎಕ್ಸ್‌ಪೋರ್ಟ್ ಒತ್ತಿ, ಸಿಗುವ ಕಡತವನ್ನು ಇಳಿಸಿಕೊಳ್ಳಿ. ಮುಂದೆ ಒಂದು ವೇದಿಕೆಯಿಂದ ಇನ್ನೊಂದಕ್ಕೆ ಹೋಗುವುದಾದರೂ ಇದೇ ಕಡತ ಬೇಕು. ಅಲ್ಲಿ ಅದನ್ನು ಸೇರಿಸುವುದಕ್ಕೆ ಇಂಪೋರ್ಟ್ ಎನ್ನುತ್ತಾರೆ. ಅದರಲ್ಲಿ ಪೋಸ್ಟುಗಳು, ಪೇಜುಗಳು, ಕಾಮೆಂಟುಗಳು ಇರುತ್ತವೆ. ಫೋಟೋಗಳು ಇರುವುದಿಲ್ಲ, ಅವುಗಳ ವಿಳಾಸ ಮಾತ್ರ ಇರುತ್ತದೆ. ಆದ್ದರಿಂದ ಮೂಲ ಫೋಟೋಗಳನ್ನು ಪೋಸ್ಟಿನ ಸ್ಲಗ್ ಹೆಸರಿನ ಫೋಲ್ಡರುಗಳಲ್ಲಿ ಬೇರೆಯಾಗಿ ಇಡಿ, ಮತ್ತು ಆ ಫೋಲ್ಡರುಗಳ ಒಂದು ಪ್ರತಿ ನೀವು ಬರೆಯುವ ಕಂಪ್ಯೂಟರಿನ ಹೊರಗಿರಲಿ.